ಅಟ್ಟದ ಮ್ಯಾಲಿನ ಕುಕ್ಕರ್

ಹೋದ ಸಲ ಮಂಡಕ್ಕಿ ಒಗ್ಗರಣೆ ಬಗ್ಗೆ ಬರೆದಾಗ ಎಷ್ಟು ಜನ ಫೋನ್ ಮಾಡಿ ಮಾತಾಡಿದ್ರಿ, ಖುಷಿ ಆತು. ಈ ಸಲ ಅಡಿಗಿ ಸುದ್ದಿ ಅಲ್ರಿ. ಬರೀಬೇಕೋ ಬ್ಯಾಡೋ ಅಂತ ಏಳೆಂಟು ತಿಂಗಳು ಯೋಚನೆ ಮಾಡಿದ್ದೀನಿ. ನಮ್ಮ ಸಂಬಂಧಿಕರೇ ಓದ್ತೀರಿ, ಓಣಿಯೋರೇ ಓದ್ತೀರಿ, ಮರ್ಯಾದಿ ಪ್ರಶ್ನೆ. ಆದ್ರೆ ಹೋದ ವಾರ ಒಬ್ಬಾಕಿ ತಂಗಿ ನಮ್ಮನಿಗೆ ಬಂದು, "ಅಕ್ಕಾ, ನನ್ನ ಮಗ ರಾತ್ರಿ ಎಲ್ಲಾ ಮೊಬೈಲ್ ಹಿಡಕಂಡು ಕೂತಿರ್ತಾನೆ, ಗೆದ್ದ ದುಡ್ಡಿನಾಗೆ ನಂಗೆ ಸೀರಿ ತಂದುಕೊಟ್ಟ" ಅಂತ ನಗ್ತಾ ಹೇಳಿದ್ಲು. ಆ ನಗು ನೋಡಿ ನಂಗೆ ಎದಿ ಧಸಕ್ಕಂತು. ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಹಂಗೇ ನಕ್ಕಿದ್ದೆ. ಮಗ ಒಪ್ಪಿದ ಮ್ಯಾಲೇ ಇದನ್ನ ಬರೀತಿದ್ದೀನಿ.

2024ರ ರಂಜಾನ್ ನೆನಪೈತಲ್ಲ, ರೋಜಾ ಮುಗಿಯೋಕೆ ಮುಂಚೇನೇ ಐಪಿಎಲ್ ಸುರು ಆಗಿತ್ತು. ನಮ್ಮ ಸಣ್ಣ ಮಗ ಡಿಪ್ಲೊಮಾ ಮುಗಿಸಿ ಒಂದು ಅಂಗಡ್ಯಾಗೆ ಕೆಲಸಕ್ಕೆ ಹೋಗ್ತಿದ್ದ. ಒಂದಿನ ಇಫ್ತಾರ್ ಹೊತ್ತಿಗೆ ದೊಡ್ಡ ಡಬ್ಬಿ ತಂದ. ತೆಗೆದು ನೋಡಿದ್ರೆ ಐದು ಲೀಟರಿನ ಸ್ಟೀಲ್ ಕುಕ್ಕರ್. ನಮ್ಮನ್ಯಾಗಿದ್ದ ಹಳೇ ಕುಕ್ಕರಿಗೆ ಗ್ಯಾಸ್ಕೆಟ್ ಹೋಗಿ ಹೋಗಿ, ಸೀಟಿ ಬರೋದ್ರಾಗೆ ಬ್ಯಾಳಿ ಸೀದು ಹೋಗ್ತಿತ್ತು. "ಎಲ್ಲಿಂದ ಬಂತಪ್ಪ ದುಡ್ಡು?" ಅಂದೆ. "ಫೋನಿನಾಗೆ ಟೀಮ್ ಕಟ್ಟಿದ್ದೆ ಅಮ್ಮ, 11,000 ಗೆದ್ದೆ" ಅಂದ. ನಾನು ಏನು ಮಾಡಿದೆ ಗೊತ್ತಾ? "ನನ್ನ ಮಗ ಬುದ್ಧಿವಂತ" ಅಂತ ತಲಿ ಸವರಿದೆ. ಮಾರನೇ ದಿನ ಅದೇ ಕುಕ್ಕರಿನಾಗೆ ಹಲೀಮ್ ಮಾಡಿ ಓಣಿಗೆಲ್ಲ ಹಂಚಿದೆ. ನಿಮ್ಮಲ್ಲಿ ಕೆಲವರು ಉಂಡಿದ್ದೀರಿ. ನನ್ನ ಮ್ಯಾಲೆ ಸಿಟ್ಟು ಬ್ಯಾಡ.

ಆಮ್ಯಾಲೆ ಒಂದು ವರ್ಷ ನಂಗೆ ಏನೂ ಕಾಣ್ಲಿಲ್ಲ. ಕಾಣ್ಲಿಲ್ಲ ಅನ್ನೋದಕ್ಕಿಂತ ನಾನು ನೋಡ್ಲಿಲ್ಲ ಅನ್ನೋದೇ ಸರಿ. ಫಜರ್ ನಮಾಜಿಗೆ ಎಬ್ಬಿಸಿದ್ರೆ ಏಳ್ತಿರ್ಲಿಲ್ಲ, ರಾತ್ರಿ ಕೆಲಸ ಜಾಸ್ತಿ ಅಂದ್ಕಂಡೆ. ಊಟದ ತಾಟಿನ ಮುಂದೆ ಫೋನ್ ಇಟ್ಗಂಡು ಕೂರ್ತಿದ್ದ, ಈಗಿನ ಹುಡುಗ್ರೆಲ್ಲ ಹಂಗೇ ಅಂದ್ಕಂಡೆ. ಪಗಾರ ಮನಿಗೆ ಕೊಡೋದು ನಿಂತು ಹೋತು, ಮದುವೆಗೆ ಕೂಡಿಡ್ತಾ ಇರಬೇಕು ಅಂದ್ಕಂಡೆ!

2025ರ ಜೂನ್ 3. ಆವತ್ತು ರಾತ್ರಿ ನಿಮಗೆಲ್ಲಾರಿಗೂ ನೆನಪಿರ್ತದೆ. ಹದಿನೆಂಟು ವರ್ಷ ಕಾದು ಆರ್‌ಸಿಬಿ ಕಪ್ ಗೆದ್ದ ರಾತ್ರಿ. ನಮ್ಮ ದಾವಣಗೆರೆ ಪಿ.ಬಿ. ರಸ್ತೆ ತುಂಬಾ ಬೈಕು, ಪಟಾಕಿ, ಕೂಗಾಟ. ನಮ್ಮ ಯಜಮಾನ್ರೂ ಗಾದಿ ಅಂಗಡಿ ಬಾಗಿಲು ಹಾಕ್ಕಂಡು ಬಂದು ಟಿವಿ ಮುಂದೆ ಕುಂತಿದ್ರು. ಮಗ ಮೂಲ್ಯಾಗೆ ಕೂತು ಅಳ್ತಿದ್ದ. ಸಣ್ಣೋನಿದ್ದಾಗ್ಲಿಂದ ಆರ್‌ಸಿಬಿ ಹುಚ್ಚು ಅವನಿಗೆ, ಖುಷಿಗೆ ಅಳ್ತಾನೆ ಅಂತ ನಾವು ನಕ್ಕಂಡ್ವಿ.

ಬಕ್ರೀದ್ ಇನ್ನು ನಾಕೇ ದಿನ ಇತ್ತು. ಟಗರು ತರಾಕೆ ಅಂತ ಯಜಮಾನ್ರು ಅವನ ಕೈಗೆ 18,000 ಕೊಟ್ಟಿದ್ರು. ಬೆಳಿಗ್ಗೆ "ಟಗರು ಎಲ್ಲಪ್ಪ?" ಅಂದ್ರೆ ನೆಲ ನೋಡ್ತಾನೆ. ಕೊನಿಗೆ ಬಾಯಿ ಬಿಟ್ಟ. ಕುರ್ಬಾನಿ ದುಡ್ಡನ್ನ ಪಂಜಾಬ್ ಗೆಲ್ತದೆ ಅಂತ ಕಟ್ಟಿದ್ದ. ತನ್ನ ಟೀಮು ಸೋಲಲಿ ಅಂತ ಬೇಡ್ಕಂಡು ಕೂತಿದ್ನಂತೆ ಆವತ್ತು. ಹೋದದ್ದನ್ನ ವಾಪಸ್ ತರಾಕೆ ಇನ್ನೊಂದಿಷ್ಟು ಕಟ್ಟೋದು, ಅದೂ ಹೋದ್ರೆ ಮತ್ತೊಂದಿಷ್ಟು. ಲೆಕ್ಕ ಬರೆಸಿದ್ವಿ. ಸ್ನೇಹಿತರ ಹತ್ರ 42,000. ಫೋನಿನ ಸಾಲದ ಆ್ಯಪ್‌ನಾಗೆ 55,000. ಟಗರಿನ 18,000. ತನ್ನ ಪಗಾರದ್ದು ಒಂದು ಲಕ್ಷ. ಇನ್ನೊಂದು 70,000 ಯಾರದು ಅಂತ ಕೇಳಿದ್ರೆ ಹೇಳಾಕೇ ಒಲ್ಲ. ಯಜಮಾನ್ರು ಕೈ ಎತ್ತಿದ್ರು. ಆಗ ಹೇಳಿದ, "ಹರಿಹರದ ದೊಡ್ಡಮ್ಮಂದು."

ನಮ್ಮಕ್ಕ ಅಂದ್ರೆ ನಿಮಗೆ ಗೊತ್ತು. ಭಾವ ತೀರಿಹೋದ ಮ್ಯಾಲೆ ರೊಟ್ಟಿ ತಟ್ಟಿ, ಮನಿ ಮನಿಗೆ ಕೊಟ್ಟು, ಚೀಟಿ ಕಟ್ಟಿ ಕೂಡಿಸಿದ ದುಡ್ಡದು. ಸೋರೋ ಮಾಳಿಗಿ ತೆಗೆಸಿ ಶೀಟು ಹಾಕಿಸಾಕೆ ಇಟ್ಟಿದ್ಲು. ಬೈಕಿಗೆ ಮುಂಗಡ ಕಟ್ಟಬೇಕು, ಎರಡು ತಿಂಗಳಾಗೆ ಕೊಡ್ತೀನಿ, ಅಮ್ಮನಿಗೆ ಹೇಳಬ್ಯಾಡ ಅಂತ ಇಸ್ಕಂಡಿದ್ದ. ಆಕಿ ತಂಗಿ ಮಗ ಅಂತ ಕಾಗದ ಇಲ್ಲ, ಪತ್ರ ಇಲ್ಲ, ಕೊಟ್ಟಿದ್ಲು.

ಆ ರಾತ್ರಿ ಅವನು ಒಂದು ಮಾತು ಹೇಳಿದ. "ಹೋದ ತಿಂಗಳು ಹರಿಹರದ ಹೊಳೆ ಸೇತುವೆ ಮ್ಯಾಲೆ ಬೈಕ್ ನಿಲ್ಸಿ ನಿಂತಿದ್ದೆ ಅಮ್ಮ. ಭಾಳ ಹೊತ್ತು ನಿಂತಿದ್ದೆ." ಅಷ್ಟೇ ಹೇಳಿದ. ಎತ್ತಿದ್ದ ಕೈ ಕೆಳಗಿಳೀತು. ಯಜಮಾನ್ರು ಮಗನ ಪಕ್ಕದಾಗೆ ಗಾದಿ ಹಾಕ್ಕಂಡು ಮಲಗಿದ್ರು. ನಾನು ಇಬ್ಬರ ಉಸಿರು ಕೇಳ್ತಾ ಬೆಳಗು ಮಾಡಿದೆ. ಅದಕ್ಕೇ ಮೊದ್ಲು ಇದನ್ನ ಹೇಳ್ತೀನಿ, ನಿಮ್ಮ ಮನಿ ಹುಡುಗ ದುಡ್ಡು ಕಳ್ಕಂಡು ಬಂದ್ರೆ ಬೈಯೋಕೆ ಮುಂಚೆ ಒಂದು ತುತ್ತು ಉಣ್ಣಿಸ್ರಿ. ಒಬ್ಬನ್ನೇ ಬಿಡಬ್ಯಾಡ್ರಿ. 14416 ಅಂತ ಸರ್ಕಾರದ ನಂಬರ್ ಐತೆ, ಟೆಲಿ ಮಾನಸ್ ಅಂತಾರೆ, ದುಡ್ಡಿಲ್ಲ, ಕನ್ನಡದಾಗೇ ಮಾತಾಡ್ತಾರೆ. ನಾವು ಅಲ್ಲಿಗೂ ಮಾತಾಡಿದ್ವಿ, ಆಮ್ಯಾಲೆ ಮನಸ್ಸಿನ ಡಾಕ್ಟರ್ ಹತ್ರಾನೂ ಕರ್ಕಂಡು ಹೋದ್ವಿ. ಬೆಂಗಳೂರಿನ ನಿಮ್ಹಾನ್ಸ್‌ನಾಗೆ ಮೊಬೈಲ್ ಚಟಕ್ಕೇ ಅಂತ ಬ್ಯಾರೆ ಕ್ಲಿನಿಕ್ಕು 2014ರಾಗೇ ತೆಗೆದಾರೆ. ಇದು ಕೆಟ್ಟ ಬುದ್ಧಿ ಅಷ್ಟೇ ಅಲ್ಲ, ಕಾಯಿಲೇನೂ ಹೌದು ಅಂತ ನಮಗೆ ಆಗ ತಿಳೀತು.

ಅವನು ಸುಧಾರಿಸ್ಕಂಡ ಮ್ಯಾಲೆ ವಾದ ಸುರು ಮಾಡಿದ. "ಅಮ್ಮ, ನಾನು ಆಡಿದ್ದು ಓಸಿ ಅಲ್ಲ, ಮಟ್ಕಾ ಅಲ್ಲ. ಮೊದಲಿನ ಆಟ ಬುದ್ಧಿ ಉಪಯೋಗಿಸೋ ಆಟ. ಕೋರ್ಟೇ ಹೇಳೈತೆ." ಅದು ಸುಳ್ಳೇನಲ್ಲ. ರಮ್ಮಿ ಹೆಚ್ಚಾಗಿ ಜಾಣತನದ ಆಟ ಅಂತ ಸುಪ್ರೀಂ ಕೋರ್ಟು ಎಷ್ಟೋ ವರ್ಷದ ಹಿಂದೇನೇ ಹೇಳಿತ್ತಂತೆ. ನಮ್ಮ ರಾಜ್ಯ ಸರ್ಕಾರ 2021ರ ಅಕ್ಟೋಬರಿನಾಗೆ ದುಡ್ಡಿನ ಆನ್‌ಲೈನ್ ಆಟಕ್ಕೆ ಬಂದ್ ಮಾಡಿತ್ತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ಕಾಯ್ದೆ ನಿಲ್ಲಲ್ಲ ಅಂತ ತೆಗೆದು ಹಾಕ್ತು. ಲಾಟ್ರಿನ 2007ರಾಗೆ ನಿಲ್ಸಿದಾಗ ನಮ್ಮವ್ವ ಎಷ್ಟು ದುವಾ ಮಾಡಿದ್ಲು! ನಮ್ಮಪ್ಪ ಪಗಾರದ ದಿನ ಹರಿಹರದ ಬಸ್ ಸ್ಟ್ಯಾಂಡಿನಾಗೆ ಲಾಟ್ರಿ ತಗಂಡು, ಉಳಿದದ್ದನ್ನ ಓಸಿಗೆ ಬರೆಸಿ, ಮನಿಗೆ ಒಂದು ಪಾವು ಖಾರ ಮಂಡಕ್ಕಿ ತರ್ತಿದ್ದ. ಆ ಮಂಡಕ್ಕಿ ನಾವು ಮಕ್ಕಳು ಕುಣಕಂಡು ತಿಂತಿದ್ವಿ. ಅವ್ವ ತಿಂತಿರ್ಲಿಲ್ಲ. ಯಾಕೆ ಅಂತ ಆಗ ತಿಳೀಲಿಲ್ಲ.

ಹಂಗಾದ್ರೆ ಜಾಣತನದ ಆಟ ಅಂದ್ರೆ ಹಲಾಲೇನು? ನಮ್ಮ ಪಿಂಜಾರರ ಮನ್ಯಾಗೆ ಕನ್ನಡನೇ ಮನೆಮಾತು, ಉರ್ದು ಬಯಾನು ಅರ್ಧ ತಿಳಿತದೆ ಅರ್ಧ ಬಿಡ್ತದೆ. ಅದಕ್ಕೆ ಕನ್ನಡ ಅನುವಾದದ ಕುರ್‌ಆನ್ ಇಟ್ಗಂಡು, ವಾರಕ್ಕೊಮ್ಮೆ ಹೆಣ್ಮಕ್ಕಳಿಗೆ ಪಾಠ ಹೇಳೋ ಆಪಾ ಹತ್ರ ಹೋದೆ. ಮಗನ್ನೂ ಹಜರತ್ತರ ಹತ್ರ ಕಳಿಸ್ದೆ. ತಿಳಕಂಡದ್ದನ್ನ ನನ್ನ ಮಾತಿನಾಗೆ ಹೇಳ್ತೀನಿ.

ಜೂಜಿಗೆ ಅರಬ್ಬಿ ಮಾತಿನಾಗೆ ಮೈಸಿರ್ ಅಂತಾರೆ. ಸುಲಭ ಅನ್ನೋ ಮಾತಿಗೂ ಇದಕ್ಕೂ ಒಂದೇ ಬೇರು ಅಂತಾರೆ, ಬೆವರಿಲ್ದೆ ಬರೋ ದುಡ್ಡು. ಇಸ್ಲಾಮಿಗೆ ಮುಂಚೆ ಅರಬ್ಬರು ಒಂಟೆ ಕೊಯ್ದು, ಬಾಣ ಎತ್ತಿ, ಯಾರಿಗೆ ಎಷ್ಟು ಪಾಲು ಅಂತ ಜೂಜಾಡ್ತಿದ್ರು. ಸೋತೋನು ಒಂಟೆ ದುಡ್ಡು ಕೊಡಬೇಕು. ಗೆದ್ದೋರು ಮಾಂಸ ತಾವು ತಿಂತಿರ್ಲಿಲ್ಲ, ಬಡವರಿಗೆ ಹಂಚ್ತಿದ್ರು, ಅದೊಂದು ದೊಡ್ಡಸ್ತಿಕೆ. ಇದಕ್ಕೇ ಇರಬೇಕು, ಎರಡನೇ ಸೂರಾ ಬಕರಾದಾಗೆ ಹೆಂಡ ಮತ್ತೆ ಜೂಜಿನ ಮಾತು ಬಂದಾಗ, ಅದ್ರಾಗೆ ಲಾಭಾನೇ ಇಲ್ಲ ಅಂತ ಅಲ್ಲಾಹ್ ಹೇಳಿಲ್ಲ. ಒಂದಿಷ್ಟು ಲಾಭ ಐತೆ, ಪಾಪ ಅದಕ್ಕಿಂತ ದೊಡ್ಡದು ಅಂತ ಅರ್ಥ ಬರೋಹಂಗೆ ಐತೆ. ಅದನ್ನ ಓದಿದಾಗ ನನ್ನ ಕಣ್ಣಿಗೆ ಆ ಐದು ಲೀಟರಿನ ಕುಕ್ಕರೇ ಬಂದು ನಿಂತ್ಕಂತು. ಒಂಟೆ ಮಾಂಸ ಹಂಚಿದಂಗೆ ನಾನು ಹಲೀಮ್ ಹಂಚಿದ್ದೆ.

ಆಮ್ಯಾಲೆ ಐದನೇ ಸೂರಾ ಮಾಯಿದಾದಾಗೆ ಪೂರ್ತಿ ನಿಷೇಧ ಬಂತು. ಅಲ್ಲಿ ಕಾರಣಾನೂ ಹೇಳೈತೆ. ಹೆಂಡ, ಜೂಜಿನಿಂದ ಸೈತಾನ ಜನರ ನಡುವೆ ಹಗೆ ಹುಟ್ಟಿಸ್ತಾನೆ, ಅಲ್ಲಾಹ್‌ನ ನೆನಪು ಮತ್ತೆ ನಮಾಜು ಬಿಡಿಸ್ತಾನೆ ಅಂತ. ಹಗೆ, ನಮಾಜು, ಎರಡೇ ಮಾತು. ನಮ್ಮನ್ಯಾಗೆ ಮೊದ್ಲು ಹೋದದ್ದು ಫಜರ್ ನಮಾಜು, ಆಮ್ಯಾಲೆ ಹೋದದ್ದು ನನ್ನ ಒಡಹುಟ್ಟಿದಾಕಿ.

ಜಾಣತನದ ಮಾತಿಗೆ ಹಜರತ್ತರು ಮಗನಿಗೆ ಹೇಳಿದ್ದು ಹಿಂಗೆ. ಕೋರ್ಟು ಕೇಳೋದು ಆಟಕ್ಕೆ ಬುದ್ಧಿ ಬೇಕಾ, ಅದೃಷ್ಟ ಬೇಕಾ ಅಂತ. ಶರೀಅತ್ತು ಕೇಳೋದು ದುಡ್ಡು ಯಾರದು, ಎಲ್ಲಿಂದ ಬಂತು ಅಂತ. ಆಡೋರೆಲ್ಲ ದುಡ್ಡು ಹಾಕಿ, ಒಬ್ಬ ಗೆದ್ದದ್ದು ಇನ್ನೊಬ್ಬ ಸೋತದ್ದೇ ಆದ್ರೆ, ಎಷ್ಟೇ ಬುದ್ಧಿ ಉಪಯೋಗಿಸಿದ್ರೂ ಅದು ಜೂಜು. ಅದೇ ಓಟದ ಪಂದ್ಯದಾಗೆ ಓಡೋರು ದುಡ್ಡು ಹಾಕದೆ ಹೊರಗಿನೋರು ಬಹುಮಾನ ಇಟ್ರೆ, ಅದಕ್ಕೆ ಅಡ್ಡಿ ಇಲ್ಲ. ಆಟನೇ ಹರಾಮು ಅಂತ ಇಲ್ಲ. ನಮ್ಮ ಪೈಗಂಬರರು (ಸ) ಕುದುರೆ ಓಟ, ಬಾಣ ಬಿಡೋದು ಇವಕ್ಕೆ ಬಹುಮಾನ ಇಡೋದನ್ನ ಒಪ್ಪಿದ್ರು. ತಮ್ಮ ಹೆಂಡ್ತಿ ಆಯಿಷಾ ಅವರ ಜೊತಿಗೆ ಓಟದ ಪಂದ್ಯ ಆಡಿದ್ರು, ಮೊದ್ಲು ಅವರು ಗೆದ್ರು, ವರ್ಷಗಳ ಮ್ಯಾಲೆ ಇವರು ಗೆದ್ದು, ಆಗಿಂದಕ್ಕೆ ಈಗ ಸರಿ ಆತು ಅಂತ ತಮಾಷೆ ಮಾಡಿದ್ರಂತೆ. ಇದನ್ನ ನಮ್ಮ ಯಜಮಾನ್ರಿಗೆ ಹೇಳ್ದೆ. "ಈಗ ನೀನೂ ಓಡ್ತೀಯೇನು?" ಅಂದ್ರು. ಬಹಳ ದಿನದ ಮ್ಯಾಲೆ ಮನ್ಯಾಗೆ ನಕ್ಕಿದ್ದು ಅವತ್ತೇ.

ಇನ್ನೊಂದು ಹದೀಸು ಕೇಳಿ ಮಗ ತಲಿ ತಗ್ಗಿಸಿದ. ಬಾ ಜೂಜಾಡಾಣ ಅಂತ ಇನ್ನೊಬ್ಬನ್ನ ಬರೀ ಬಾಯಿಮಾತಿನಾಗೆ ಕರೆದ್ರೂ, ಆ ತಪ್ಪಿಗೆ ಸದಕಾ ಕೊಡಬೇಕು ಅಂತ ಐತೆ. ಈ ಆ್ಯಪ್‌ಗಳಾಗೆ ದೋಸ್ತನ್ನ ಕರ್ಕಂಡು ಬಂದ್ರೆ ಇಷ್ಟು ರೂಪಾಯಿ ಅಂತ ಕೊಡ್ತಾರಲ್ಲ, ಅವನು ಆರು ಜನಕ್ಕೆ ಲಿಂಕ್ ಕಳಿಸಿದ್ನಂತೆ. ಆ ಆರೂ ಜನರ ಮನಿಗೆ ಹೋಗಿ, ನನ್ನ ಮಾತು ಕೇಳಬ್ಯಾಡ್ರಿ, ಬಿಡ್ರಿ ಅಂತ ಹೇಳಿ ಬಂದ. ಇಬ್ಬರು ಬಿಟ್ಟಾರೆ. ಒಬ್ಬನ ಅಮ್ಮ ನಮ್ಮ ಮ್ಯಾಲೇ ಜಗಳಕ್ಕೆ ಬಂದ್ಲು. ಬರಲಿ, ಅದು ಆಕಿ ಹಕ್ಕು.

ಪಕ್ಕದ ಮನಿ ಅಕ್ಕಾರು ಇದನ್ನೆಲ್ಲ ಕೇಳಿ, "ನಮ್ಮ ಧರ್ಮರಾಯ ಏನು ಕಮ್ಮಿ ಬುದ್ಧಿವಂತನೇನವ್ವ? ರಾಜ್ಯ ಇಟ್ಟ, ತಮ್ಮಂದಿರನ್ನ ಇಟ್ಟ, ಹೆಂಡ್ತಿನೂ ಇಟ್ಟ" ಅಂದ್ರು. ದೀಪಾವಳಿಗೆ ಅವರ ಮೈದುನರು ಇಸ್ಪೀಟು ಹಾಕಾಕೆ ಕೂತ್ರೆ ಈ ಸಲ ಚಾ ಕೊಡಾಕಿಲ್ಲ ಅಂದ್ರಂತೆ.

ಆಪಾ ಹತ್ರ ಹೋದಾಗ ಹೆಣ್ಮಕ್ಕಳೆಲ್ಲ ತಮ್ಮ ತಮ್ಮ ಪ್ರಶ್ನೆ ತೆಗೆದ್ರು. ಮೊದಲನೇದು, ನಾವು ಓಣ್ಯಾಗೆ ಹಾಕೋ ಚೀಟಿ ಹರಾಮಾ? ಎಲ್ಲಾರೂ ಒಂದೇ ಸಮ ಹಾಕಿ, ಎಲ್ಲಾರೂ ಒಂದೇ ಸಮ ತಗಂಡ್ರೆ, ಅದು ಒಬ್ಬರಿಗೊಬ್ಬರು ಕೈಗಡ ಕೊಟ್ಟಂಗೆ, ತೊಂದ್ರೆ ಇಲ್ಲ ಅಂದ್ರು. ಯಾರಿಗೆ ಮೊದ್ಲು ಅಂತ ಹೆಸರು ಎತ್ತೋದೂ ತಪ್ಪಲ್ಲ, ಪೈಗಂಬರರೇ (ಸ) ಪ್ರಯಾಣಕ್ಕೆ ಯಾವ ಹೆಂಡ್ತಿನ ಕರ್ಕಂಡು ಹೋಗೋದು ಅಂತ ಹೆಸರು ಎತ್ತಿಸ್ತಿದ್ರು. ಆದ್ರೆ ತಿಂಗಳಾ ದುಡ್ಡು ಕಟ್ಟಿ, ಹೆಸರು ಬಂದೋರಿಗೆ ಫ್ರಿಜ್ಜು, ಅವರು ಮುಂದೆ ಕಟ್ಟಂಗಿಲ್ಲ ಅಂತ ಲಕ್ಕಿ ಸ್ಕೀಮು ಬರ್ತಾವಲ್ಲ, ಅದ್ರಾಗೆ ಒಬ್ಬರ ಫ್ರಿಜ್ಜು ಉಳಿದೋರ ದುಡ್ಡಿನದು, ಅದು ಜೂಜಿನ ದಾರಿ ಅಂದ್ರು. ನಾನು ಅಂಥದ್ದೊಂದು ಕಟ್ತಿದ್ದೆ. ಅವತ್ತೇ ಬಿಟ್ಟೆ.

ಎರಡನೇದು, ಸಣ್ಣ ಮಕ್ಕಳ ಮೊಬೈಲ್ ಆಟ. ಅದಕ್ಕೆ ನಾಕು ಪ್ರಶ್ನೆ ಕೇಳ್ಕಳ್ರಿ ಅಂದ್ರು. ಅದಕ್ಕೆ ದುಡ್ಡು ಹೋಗ್ತದಾ? ನಮಾಜು, ಓದು ತಪ್ತದಾ? ಹೊಲಸು ಚಿತ್ರ, ಹೊಲಸು ಮಾತು ಐತಾ? ಬಿಡು ಅಂದ್ರೆ ಬಿಡ್ತಾನಾ? ನಂಗೆ ಕೊನೇ ಪ್ರಶ್ನೆನೇ ದೊಡ್ಡದು ಅನ್ನಿಸ್ತು.

ಮೂರನೇದು ನಾನು ಕೇಳಿದ್ದು. ಎಲ್ಲಾರೂ ಎದ್ದು ಹೋದ ಮ್ಯಾಲೆ, ಕುಕ್ಕರ್ ಏನು ಮಾಡ್ಲಿ ಅಂತ. ಜೂಜಿನಾಗೆ ಗೆದ್ದದ್ದು ನಮ್ಮದಲ್ಲ, ಸೋತೋರದು. ಅವರು ಯಾರು ಅಂತ ಗೊತ್ತಿದ್ರೆ ಅವರಿಗೆ ವಾಪಸ್. ಗೊತ್ತಿಲ್ದಿದ್ರೆ ಬಡವರಿಗೆ ಕೊಡಬೇಕು, ಪುಣ್ಯ ಬರ್ತದೆ ಅಂತ ಆಸೆ ಇಟ್ಗಳ್ಳದೆ ಕೊಡಬೇಕು ಅಂದ್ರು. ದಾನ ಮಾಡಿದ್ರೂ ಪುಣ್ಯ ಇಲ್ದ ದುಡ್ಡು ನೋಡ್ರಿ ಅದು! ಕುಕ್ಕರ್ ತೊಳೆದು ಅಟ್ಟದ ಮ್ಯಾಲೆ ಇಟ್ಟೆ, ಯಾರಿಗೆ ಕೊಡೋದು ಅಂತ ತಿಳೀಲಿಲ್ಲ. ಖರೇ ಹೇಳ್ಬೇಕಂದ್ರೆ ಕೊಡಾಕೆ ಮನಸ್ಸೂ ಬರ್ಲಿಲ್ಲ, ಭಾಳ ಚಂದ ಬ್ಯಾಳಿ ಬೇಯಿಸ್ತಿತ್ತು.

ಆಮ್ಯಾಲೆ ಹರಿಹರಕ್ಕೆ ಹೋದೆ. 14 ಕಿಲೋಮೀಟರಿನ ದಾರಿ ಅವತ್ತು ಮುಗೀಲೇ ಇಲ್ಲ. ಅಕ್ಕ ತಗಡಿನ ಮ್ಯಾಲೆ ರೊಟ್ಟಿ ಹಾಕ್ತಿದ್ಲು. ಮಾಳಿಗಿ ಸೋರಿ ಮೂಲ್ಯಾಗೆ ಬಕೀಟು ಇಟ್ಟಿದ್ಲು. ಎಲ್ಲಾ ಹೇಳ್ದೆ, ಅತ್ತೆ. ಆಕಿ ಅಳ್ಲಿಲ್ಲ. ರೊಟ್ಟಿ ತಿರುವಿ ಹಾಕಿ ಒಂದೇ ಮಾತು ಕೇಳಿದ್ಲು. "ಅವನು ಕುಕ್ಕರ್ ತಂದ ದಿನ ನಂಗೆ ಫೋನ್ ಮಾಡಿ ಕುಣಿದ್ಯಲ್ಲ, ಅವತ್ತು ನಿಂಗೆ ಅವ್ವ ನೆನಪಾಗ್ಲಿಲ್ಲೇನು? ಆಕಿ ಆ ಮಂಡಕ್ಕಿ ಮುಟ್ತಿರ್ಲಿಲ್ಲ."

ನಾನು ಏನು ಹೇಳ್ಲಿ? ಮಗ ಆಟದಾಗೆ ಬಿದ್ದ. ನಾನು ಮೊದಲನೇ ದಿನ ತಲಿ ಸವರಿದೆ. ಸೋತ ದುಡ್ಡಿಗೆ ಅತ್ತೋಳು ಗೆದ್ದ ದುಡ್ಡಿಗೆ ಯಾಕೆ ನಕ್ಕೆ ಅಂತ ಯಾರೂ ಕೇಳಿರ್ಲಿಲ್ಲ, ಅಕ್ಕ ಕೇಳಿದ್ಲು.

ಮೂರು ತಿಂಗಳು ಆಕಿ ನನ್ನ ಫೋನ್ ತಗೀಲಿಲ್ಲ. ಸಾಲ ಅಂದ್ರೆ ಸಣ್ಣದಲ್ಲ. ಸಾಲ ಉಳಿಸ್ಕಂಡು ಸತ್ತೋನ ಜನಾಜಾ ನಮಾಜನ್ನ ಪೈಗಂಬರರು (ಸ) ತಾವು ಮಾಡಿಸದೆ ನಿಂತಿದ್ರು, ಅವರ ಸಂಗಾತಿಯೊಬ್ಬರು ಆ ಸಾಲ ನಂದು ಅಂತ ಒಪ್ಪಿಕೊಂಡ ಮ್ಯಾಲೇ ಮಾಡಿಸಿದ್ರು ಅಂತ ಐತೆ. ಅದನ್ನ ಕೇಳಿ ಮಗ ಎರಡು ಕೆಲಸ ಹಿಡಿದ. ಹಗಲು ಅಂಗಡಿ, ಸಂಜಿಗೆ ಅಪ್ಪನ ಜೊತಿ ಗಾದಿ ಹೊಲಿಯೋದು. ಚಿಕ್ಕೋನಿದ್ದಾಗ ಹತ್ತಿ ಧೂಳು ಅಂತ ಓಡಿ ಹೋಗ್ತಿದ್ದ, ಈಗ ಮೂಗಿಗೆ ಬಟ್ಟಿ ಕಟ್ಕಂಡು ಕೂರ್ತಾನೆ. ಪ್ರತಿ ತಿಂಗಳಾ 3,000 ರೂಪಾಯಿ ತಾನೇ ಹೋಗಿ ದೊಡ್ಡಮ್ಮನ ಕೈಗೆ ಕೊಡ್ತಾನೆ. ಫೋನಿನಾಗೆ ಹಾಕಂಗಿಲ್ಲ, ನೋಟು ಎಣಿಸಿ ಕೊಡಬೇಕು, ಅದು ಆಕಿ ಷರತ್ತು. ಇಲ್ಲಿಗೆ ಏಳು ಕಂತು ಆತು, 21,000. ಇನ್ನೂ 49,000 ಐತೆ.

ಮಧ್ಯದಾಗೆ 2025ರ ಆಗಸ್ಟಿನಾಗೆ ಕೇಂದ್ರ ಸರ್ಕಾರ ಕಾನೂನು ತಂತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ, ಬುದ್ಧಿದಾಗ್ಲಿ ಅದೃಷ್ಟದ್ದಾಗ್ಲಿ, ಎಲ್ಲಾ ಬಂದ್. ಆಡ್ಸೋರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಜಾಹೀರಾತು ಮಾಡೋರಿಗೂ ಶಿಕ್ಷೆ. ಆಡಿದ ಹುಡುಗ್ರಿಗೆ ಶಿಕ್ಷೆ ಇಲ್ಲ. ದೊಡ್ಡ ದೊಡ್ಡ ಆ್ಯಪ್‌ನೋರು ದುಡ್ಡಿನ ಆಟ ನಿಲ್ಲಿಸಿದ್ರು. ಆದ್ರೆ ಕದ್ದು ಮುಚ್ಚಿ ಆಡ್ಸೋರು ಇದ್ದೇ ಇರ್ತಾರೆ, ಕಾನೂನು ಬಂತು ಅಂತ ನಾವು ಕಣ್ಣು ಮುಚ್ಚಂಗಿಲ್ಲ. ಮೋಸ ಆಗಿ ದುಡ್ಡು ಹೋದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡ್ರಿ.

ಕುಕ್ಕರ್ ಸುದ್ದಿ ಬಾಕಿ ಐತೆ. ಹೋದ ತಿಂಗಳು ಅಟ್ಟ ಹತ್ತಿ ಇಳಿಸ್ದೆ. ಕಟ್ಟಡ ಕೆಲಸಕ್ಕೆ ಬಂದ ಒಂದು ಬಡ ಸಂಸಾರ ನಮ್ಮ ಓಣಿ ಕೊನಿಗೆ ಶೆಡ್ ಹಾಕ್ಕಂಡೈತೆ, ಮೂರು ಕಲ್ಲಿನ ಒಲಿ. ಆ ಹೆಣ್ಮಗಳಿಗೆ ಕೊಟ್ಟು ಬಂದೆ. ಆಕಿ ಕೈ ಮುಗಿದು, "ದೇವ್ರು ನಿಮಗೆ ಒಳ್ಳೇದು ಮಾಡ್ಲಿ" ಅಂದ್ಲು. ಬ್ಯಾಡವ್ವ, ಇದಕ್ಕೆ ನಂಗೆ ಒಳ್ಳೇದು ಬರಂಗಿಲ್ಲ ಅಂತ ಹೇಳಾಕೆ ಬಾಯಿ ಬಂತು, ನುಂಗ್ಕಂಡು ಬಂದೆ.

ಇನ್ನೇನು ರಂಜಾನ್ ಬಂತು. ಹಳೇ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕ್ಸೀನಿ. ಮೊನ್ನೆ ಮಗ ಕಂತು ಕೊಡಾಕೆ ಹರಿಹರಕ್ಕೆ ಹೋದಾಗ ಅಕ್ಕ ನೋಟು ಎಣಿಸಿ ಡಬ್ಬ್ಯಾಗೆ ಹಾಕಿ, ಹತ್ತು ರೊಟ್ಟಿ ಕಟ್ಟಿ ಕೊಟ್ಟಾಳೆ. "ನಿಮ್ಮಮ್ಮನಿಗೆ ಕೊಡು" ಅಂದ್ಲಂತೆ. ಬ್ಯಾರೆ ಏನೂ ಹೇಳಿಲ್ಲ. ಆ ರೊಟ್ಟಿ ಬಿಚ್ಚಿ, ಬಿಸಿ ಮಾಡ್ಕಳ್ದೆ ಹಂಗೇ ತಿಂದೆ.

ಆ ಸೀರಿ ತಂಗಿಗೆ ನಾನು ಹೇಳೋದು ಇಷ್ಟೇ. ಸೀರಿ ಉಡೋಕೆ ಮುಂಚೆ ಮಗನ್ನ ಪಕ್ಕದಾಗೆ ಕೂರಿಸ್ಕಂಡು, ಇದು ಯಾರ ದುಡ್ಡಪ್ಪ ಅಂತ ಕೇಳವ್ವ. ಇವತ್ತೇ ಕೇಳು.